ಕಟಕಟ ಎನ್ನುವ ಡಿಸ್ಕ್

ಮೂರು ದಿನಗಳಿಂದ ಲ್ಯಾಪ್‌ಟಾಪಿನೊಳಗೆ ಸಣ್ಣದೊಂದು ಕಟಕಟ ಸದ್ದು. ಫೋಲ್ಡರ್ ತೆರೆದರೆ ಪರದೆ ಅರ್ಧ ನಿಮಿಷ ಕಲ್ಲಾಗಿ ನಿಲ್ಲುತ್ತದೆ. ನಿನ್ನೆ ರಾತ್ರಿ ಹಾರ್ಡ್ ಡಿಸ್ಕಿನ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ತೆಗೆದು ನೋಡಿದೆ. ಕೆಟ್ಟ ಸೆಕ್ಟರುಗಳ, ಅಂದರೆ ಮಾಹಿತಿ ಕೂರುವ ಪುಟ್ಟ ತುಣುಕುಗಳ, ಬದಲಿಗೆ ಡಿಸ್ಕ್ ತನ್ನ ಮೀಸಲು ಜಾಗವನ್ನು ಬಳಸಿಕೊಂಡ ಲೆಕ್ಕ ಸೋಮವಾರ 16 ಇತ್ತು, ಈಗ 88. ಓದಲಾಗದೆ ಬಾಕಿ ಉಳಿದವು ಬೇರೆ 24. ಅಂಕಿ ನಿಂತಲ್ಲೇ ನಿಂತಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಅದು ಏರುತ್ತಿದೆ.

ಒಂಬತ್ತು ವರ್ಷದ ಯಂತ್ರ, ಹೊಸದನ್ನೇ ಕೊಂಡುಬಿಡು ಎನ್ನುತ್ತಾನೆ ತಮ್ಮ. ನನಗೆ ಮನಸ್ಸಿಲ್ಲ. ಕೀಲಿಮಣೆ, ಪರದೆ ಇನ್ನೂ ಗಟ್ಟಿಯಾಗಿವೆ. ನಿಮಿಷಕ್ಕೆ 5400 ಸುತ್ತು ತಿರುಗುವ ಈ ಡಿಸ್ಕಿನ ಜಾಗದಲ್ಲಿ ಅದೇ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ತಿರುಗುವ ಭಾಗವೇ ಇಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್, ಸರಿಯಾಗಿ ಕೂರುತ್ತದೆ. ವೇಗವೂ ಹೆಚ್ಚು. ಶನಿವಾರ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ ತರುತ್ತೇನೆ.

ಅದಕ್ಕೆ ಮೊದಲು ನಕಲು ಮಾಡಿಕೊಳ್ಳಬೇಕು. ಸಾಯುತ್ತಿರುವ ಡಿಸ್ಕನ್ನು ಸುಮ್ಮನೆ ಓಡಿಸಬಾರದು, ಕಳೆದುಕೊಳ್ಳಲಾಗದ್ದನ್ನೇ ಮೊದಲು ತೆಗೆಯಬೇಕು. ಯಾವುದು ಮೊದಲು ಎಂದು ಯೋಚಿಸಬೇಕಾಗಲಿಲ್ಲ. ಅಮ್ಮನ ಸೋಬಾನೆ ಹಾಡುಗಳು, 2017ರಲ್ಲಿ ಅಡುಗೆಮನೆಯಲ್ಲಿ ಮೊಬೈಲ್ ಇಟ್ಟು ಮುದ್ರಿಸಿಕೊಂಡವು. ಈಗ ಅವಳಿಗೆ ಉಸಿರು ಸಾಲುವುದಿಲ್ಲ. ಅಜ್ಜಿಯ ಬಾಯಿಂದ ಕೇಳಿ ಕಲಿತ ಹಾಡುಗಳನ್ನು ಅವಳು ಐವತ್ತು ವರ್ಷ ಒಂದು ಸಾಲೂ ಬರೆದಿಡದೆ ಕಾಪಾಡಿದಳು. ನಾನು ಒಂದೇ ಒಂದು ಪ್ರತಿ ಮಾಡಿ ನಿಶ್ಚಿಂತೆಯಿಂದ ಇದ್ದೆ.

ಹನ್ನೊಂದು ಕಡತಗಳು ಪೆನ್‌ಡ್ರೈವಿಗೆ ಬಂದಿವೆ. ಹನ್ನೆರಡನೆಯದು, ಆರತಿ ಹಾಡು, ಅರ್ಧಕ್ಕೆ ನಿಂತಿದೆ. ಸದ್ದು ಕೇಳುತ್ತಾ ಪಕ್ಕದಲ್ಲೇ ಕುಳಿತಿದ್ದೇನೆ.