ಗ್ಯಾಪ್ ಬಂತ್ರೀ!

ಕುಷ್ಟಗಿ ತಾಲೂಕಿನಲ್ಲಿ ಬೋರ್ ಹೊಡೆಸುವುದು ನನ್ನ ಉದ್ಯೋಗ. ಇಪ್ಪತ್ತೆರಡು ವರ್ಷವಾಯ್ತು. ನಮ್ಮ ಕಡೆ ನೆಲದಡಿ ಬರೀ ಕಲ್ಲು. ನೀರು ಇದ್ದರೆ ಅದರ ಬಿರುಕಿನಲ್ಲೇ ಇರಬೇಕು. ಹ್ಯಾಮರ್ ಸದ್ದು ಬದಲಾಗಿ ರಾಡು ಸರ್ರನೆ ಅರ್ಧ ಅಡಿ ಇಳಿದರೆ ಹುಡುಗರು "ಗ್ಯಾಪ್ ಬಂತ್ರೀ!" ಅಂತ ಕೂಗುತ್ತಾರೆ. ಆಗ ರೈತನ ಮುಖ ನೋಡಬೇಕು.

ಮಗಳು ಫಿಲಿಪ್ಪೀನ್ಸ್‌ನ ದಾವಾವೊ ಊರಿನಲ್ಲಿ ಡಾಕ್ಟರಿಕೆ ಓದುತ್ತಾಳೆ. 2025ರ ಅಕ್ಟೋಬರ್ 10, ಬೆಳಿಗ್ಗೆ ಏಳೂವರೆ ಸುಮಾರಿಗೆ ಫೋನ್ ಮಾಡಿದಳು. "ಯಪ್ಪಾ, ನೆಲ ಅಲುಗಾಡ್ತು. ನಾ ಆರಾಮ್ ಅದೀನಿ. ಅವ್ವಗ ಟಿವಿ ಹಚ್ಚಬ್ಯಾಡ ಅನ್ನು." ಟಿವಿ ಆಗಲೇ ಹಚ್ಚಿತ್ತು. 7.4ರ ಭೂಕಂಪ. ಸಂಜೆ ಮತ್ತೊಂದು ದೊಡ್ಡದು. ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಆಮೇಲೆ ಸುಮ್ನೆ ಕೂರಲಾಗದೆ ಓದಲು ಶುರು ಮಾಡಿದೆ. ಆ ದೇಶದ ಉದ್ದಕ್ಕೂ ಒಂದು ಬಿರುಕು ಇದೆ, ಹೆಸರೇ ಫಿಲಿಪ್ಪೀನ್ ಫಾಲ್ಟ್. ಉತ್ತರದ ಲುಝಾನ್ ದ್ವೀಪದಿಂದ ಮಸ್ಬಾಟೆ, ಲೇಟೆ ದಾಟಿ ಮಗಳಿರುವ ಮಿಂಡನಾವೊ ದ್ವೀಪದ ಪೂರ್ವದವರೆಗೆ, ಸುಮಾರು 1200 ಕಿಲೋಮೀಟರ್. ಒಂದೇ ಗೆರೆಯಲ್ಲ, ಕವಲುಗಳು ಬೇಕಾದಷ್ಟು.

ಆದರೆ ಅವತ್ತು ಅಲುಗಿದ್ದು ಈ ಬಿರುಕಲ್ಲ, ಪೂರ್ವಕ್ಕೆ ಸಮುದ್ರದಲ್ಲಿರುವ ಆಳದ ಕಂದಕದ ಕಡೆಯದು. ಇದು ತಲೆಗೆ ಹೋಗಲು ನನಗೆ ವಾರ ಹಿಡಿಯಿತು. ಜೋಳದ ಚೀಲವನ್ನು ಗೋಡೆಗೆ ಓರೆಯಾಗಿ ನೂಕಿ ನೋಡಿ. ಗೋಡೆಗೂ ಒತ್ತುತ್ತದೆ, ಗೋಡೆಗುಂಟ ಪಕ್ಕಕ್ಕೂ ಜಾರುತ್ತದೆ. ಅಲ್ಲಿ ಸಮುದ್ರತಳದ ಚಪ್ಪಡಿ ಹಾಗೇ ಓರೆಯಾಗಿ ಬರುತ್ತಿದೆ. ಒತ್ತುವ ಪಾಲು ಕಂದಕಕ್ಕೆ, ಪಕ್ಕಕ್ಕೆ ಜಾರುವ ಪಾಲಿನಲ್ಲಿ ಹೆಚ್ಚಿನದು ಈ ಬಿರುಕಿಗೆ. ಹೀಗಾಗಿ ಬಿರುಕಿನ ಈಚೆ ನಿಂತವನಿಗೆ ಆಚೆಯ ನೆಲ ಎಡಕ್ಕೆ ಸರಿದಂತೆ ಕಾಣುತ್ತದೆ. ಆಚೆ ಹೋಗಿ ನಿಂತರೂ ಎಡಕ್ಕೇ!

1990ರ ಜುಲೈ 16ರಂದು ಲುಝಾನ್‌ನಲ್ಲಿ ಅದು ಒಂದೇ ಏಟಿಗೆ ಸರಿಯಿತು. ನೆಲ ಸೀಳಿದ ಗುರುತು 100 ಕಿಲೋಮೀಟರಿಗೂ ಜಾಸ್ತಿ, ಅಂದರೆ ಹೆಚ್ಚುಕಡಿಮೆ ಕೊಪ್ಪಳದಿಂದ ಬಳ್ಳಾರಿ. ಬಾಗಿಯೊ ಊರಿನಲ್ಲಿ ಹೋಟೆಲುಗಳು ಕುಸಿದವು. ಒಟ್ಟು ಸತ್ತವರು 1600ಕ್ಕೂ ಹೆಚ್ಚು. ಈಗ ಅಲ್ಲಿನ ಸರ್ಕಾರದ ಭೂಕಂಪ ಸಂಸ್ಥೆ ಫಿವೋಲ್ಕ್ಸ್, ಬಿರುಕಿನ ಎರಡೂ ಬದಿಗೆ ಕನಿಷ್ಠ ಐದೈದು ಮೀಟರ್ ಮನೆ ಕಟ್ಟಬೇಡಿ ಅನ್ನುತ್ತದೆ. ನಾವಿಲ್ಲಿ ಎರಡು ಬೋರ್ ನಡುವಿನ ಅಂತರಕ್ಕೇ ಜಗಳ ಆಡ್ತೀವಿ.

ನನ್ನನ್ನು ಹಿಡಿದು ಕೂರಿಸಿದ್ದು ಲೇಟೆ ದ್ವೀಪ. ಅಲ್ಲಿ ಬಿರುಕು ಪ್ರತಿವರ್ಷ ಎರಡು ಮೂರು ಸೆಂಟಿಮೀಟರಿನಂತೆ ಮೆಲ್ಲಗೆ ಜಾರುತ್ತಲೇ ಇರುತ್ತದೆ. ಪಕ್ಕದಲ್ಲೇ ಟೊಂಗೊನಾನ್ ಅಂತ ಜಾಗ. ನೆಲಕ್ಕೆ ಬೋರ್ ಹೊಡೆದು ಬಿಸಿ ಹಬೆ ತೆಗೆದು 1983ರಿಂದ ಕರೆಂಟ್ ಮಾಡುತ್ತಿದ್ದಾರೆ. ಒಡೆದ ಕಲ್ಲಿನ ಸಂದಿನಲ್ಲೇ ಬಿಸಿನೀರು ಓಡಾಡುವುದು. ನಮ್ಮದೇ ಕಸುಬು! ನಾವು ಅಡಿ ಲೆಕ್ಕ ಹಾಕುತ್ತೇವೆ, ಅವರು ಕಿಲೋಮೀಟರ್. ಹಾಗಂತ ಮೆಲ್ಲಗೆ ಜಾರುವ ಬಿರುಕು ಸಾಧು ಅಂದುಕೊಳ್ಳಬೇಡಿ. 2017ರ ಜುಲೈ 6ರಂದು ಅಲ್ಲೇ 6.5ರ ಭೂಕಂಪವಾಗಿ ಆ ಭಾಗಕ್ಕೆಲ್ಲ ಕರೆಂಟ್ ಹೋಗಿತ್ತು.

ಮಗಳು ಈಗ ಮಂಚದ ಪಕ್ಕ ಚಪ್ಪಲಿ, ಟಾರ್ಚು, ನೀರಿನ ಬಾಟಲಿ ಇಟ್ಟುಕೊಂಡು ಮಲಗುತ್ತಾಳೆ. ನಾನು ದಿನಾ ರಾತ್ರಿ ಕೇಳುತ್ತೇನೆ. "ಇಟ್ಟೀನಿ ಯಪ್ಪಾ" ಅಂತಾಳೆ, ಬೇಸರದ ದನಿಯಲ್ಲೇ.

ಮೊನ್ನೆ ತಾವರಗೇರಾ ಹತ್ತಿರ ರಿಗ್ ಮುಂದೆ ನಿಂತಿದ್ದಾಗ ಅವಳ ವಿಡಿಯೋ ಕಾಲ್. ಸದ್ದಿಗೆ ಏನೂ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಹುಡುಗರು ಕೂಗಿದರು, ಬಿಳಿ ಧೂಳು ನಿಂತು ಕೆಸರು ನೀರು ಚಿಮ್ಮಿತು. ಫೋನ್ ಆ ಕಡೆ ತಿರುಗಿಸಿದೆ. ಅವಳು ಕಿರುಚಿ ಕೇಳಿದಳು: "ಎಷ್ಟ್ ಅಡಿಗೆ ಸಿಕ್ತು ಯಪ್ಪಾ?"