ಯೆಲ್ಲೋ ಪೇರ್ ಟೊಮೆಟೊ: ಇವತ್ತು ಬೀಜದ ಕೆಲಸ

2025 ಫೆಬ್ರವರಿ 9, ಭಾನುವಾರ
ಬೆಂಗಳೂರು

ಬೇರೆ ತಳಿಯ ಪರಾಗ ಬೀಳದಿರಲೆಂದು ಡಿಸೆಂಬರ್ ಕೊನೆಯಲ್ಲಿ ಚೀಲ ಕಟ್ಟಿದ್ದ ಯೆಲ್ಲೋ ಪೇರ್ ಗೊಂಚಲುಗಳು ಇವತ್ತು ಕೀಳುವ ಹದಕ್ಕೆ ಬಂದಿವೆ. ಬೀಜಕ್ಕೆ ಬಿಟ್ಟ ಹಣ್ಣಿನ ಹದವೇ ಬೇರೆ. ತಿನ್ನಲು ಕೀಳುವುದಕ್ಕಿಂತ ನಾಲ್ಕೈದು ದಿನ ಹೆಚ್ಚು ಗಿಡದಲ್ಲೇ ಇದ್ದು, ಹಳದಿ ಗಾಢವಾಗಿ, ಬೆರಳಲ್ಲಿ ಒತ್ತಿದರೆ ಮೆತ್ತಗೆ ತಗ್ಗಬೇಕು. ಈ ತಳಿಯ ಸಿಪ್ಪೆ ತೆಳು. ಒಣಗಿದ ಮಣ್ಣಿಗೆ ಒಮ್ಮೆಲೇ ಜಾಸ್ತಿ ನೀರು ಬಿದ್ದರೆ ಹಣ್ಣು ಬಿರಿಯುತ್ತದೆ. ಆಗಷ್ಟೇ ಬಿರಿದ ಹಣ್ಣಿನ ಬೀಜಕ್ಕೆ ತೊಂದರೆಯಿಲ್ಲ. ಬಿರುಕಿನಲ್ಲಿ ಬೂಷ್ಟು ಬಂದಿದ್ದರೆ ಬಿಡಬೇಕು.

ಬೀಜ ಉಳಿಸುವುದನ್ನು ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಚೆರ್ರಿ ಟೊಮೆಟೊ ಇಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯುರೋಪಿನ ತೋಟಗಳಲ್ಲಿ 19ನೇ ಶತಮಾನದಿಂದಲೂ ಇರುವ ತಳಿ ಇದು. ಹಣ್ಣಿನ ಹಳದಿ ಬಣ್ಣ, ಸೋರೆಬುರುಡೆಯಂಥ ಆಕಾರ, ಇವೆರಡೂ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರಷ್ಟೇ ಕಾಣಿಸಿಕೊಳ್ಳುವ ಗುಣಗಳು. ಪಕ್ಕದ ಕುಂಡದ ಕೆಂಪು ದುಂಡು ಟೊಮೆಟೊದ ಪರಾಗ ಬಿದ್ದಿದ್ದರೆ, ಮುಂದಿನ ಬೆಳೆಯಲ್ಲಿ ಆ ಬೀಜದ ಗಿಡ ಕೆಂಪು ದುಂಡು ಹಣ್ಣನ್ನೇ ಬಿಡುತ್ತದೆ. ಬೆರಕೆ ಕಣ್ಣಿಗೆ ಹೊಡೆಯುತ್ತದೆ, ಆ ಗಿಡ ಕಿತ್ತು ಹಾಕಿದರಾಯಿತು. ಈ ವರ್ಷದ ಹಣ್ಣು ನೋಡಿ ಮಾತ್ರ ಇದನ್ನು ಹೇಳಲಾಗದು: ಹಣ್ಣಿನ ರೂಪ ತಾಯಿ ಗಿಡದ್ದು, ಬೆರಕೆಯಾಗಿದ್ದರೆ ಅದು ಒಳಗಿನ ಬೀಜದಲ್ಲಿರುತ್ತದೆ.

ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಚೆರ್ರಿ ಟೊಮೆಟೊ ಬಹುಪಾಲು ಎರಡು ತಳಿ ಬೆರೆಸಿ ಪಡೆದ ಮೊದಲ ತಲೆಮಾರು, ಅಂದರೆ ಎಫ್‌1 ಹೈಬ್ರಿಡ್. ಅದರ ಬೀಜವೂ ಮೊಳೆಯುತ್ತದೆ, ಆದರೆ ಗಿಡಕ್ಕೊಂದು ಗುಣ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ಎಲೆ ಮುಟುರು ರೋಗವೂ ಸೇರಿ ಮೂರು ರೋಗ ತಡೆಯುವ ಒಳ್ಳೆಯ ಟೊಮೆಟೊ, ಅದೂ ಎಫ್‌1. ಬೀಜಕ್ಕೆ ಬಿಡುವುದಾದರೆ ಹೈಬ್ರಿಡ್ ಅಲ್ಲದ ತಳಿಯೇ ಬೇಕು.

ಟೊಮೆಟೊ ಹೂವಿನಲ್ಲಿ ಸ್ವಂತ ಪರಾಗದಿಂದಲೇ ಕಾಯಿ ಕಟ್ಟುವುದು ಹೆಚ್ಚು. ಆದರೂ ಜೇನ್ನೊಣಗಳು ಬರುವ ಮಹಡಿ ತೋಟದಲ್ಲಿ ನಾಲ್ಕು ತಳಿ ಒತ್ತೊತ್ತಾಗಿದ್ದರೆ ಚೀಲ ಕಟ್ಟುವುದೇ ವಾಸಿ. ಸಮಾರಂಭಗಳಲ್ಲಿ ಉಡುಗೊರೆ ಹಾಕಿಕೊಡುವ, ತೆಳು ಜಾಲರಿ ಬಟ್ಟೆಯ ಆರ್ಗಾಂಜಾ ಚೀಲ ಸಾಕು. ಮೊಗ್ಗು ಅರಳುವ ಮೊದಲೇ ಗೊಂಚಲಿಗೆ ಕಟ್ಟಿ, ದಿನಾ ಬೆಳಿಗ್ಗೆ ಬಿಸಿಲೇರಿದ ಮೇಲೆ ತೊಟ್ಟನ್ನು ಬೆರಳಿನಿಂದ ತಟ್ಟಬೇಕು. ಚೀಲದೊಳಗೆ ಗಾಳಿಯ ಅಲುಗಾಟ ಕಮ್ಮಿ, ತಟ್ಟದಿದ್ದರೆ ಹೂ ಉದುರುತ್ತದೆ. ಕಾಯಿ ಬಟಾಣಿಯಷ್ಟಾದಾಗ ಚೀಲ ತೆಗೆದು ಗುರುತಿಗೆ ದಾರ ಕಟ್ಟಿದರಾಯಿತು. ಹಗಲು 35 ಡಿಗ್ರಿ ದಾಟಿದರೆ ಕಾಯಿ ಕಟ್ಟುವುದೇ ಕಷ್ಟ, ಹಾಗಾಗಿ ಈ ಕೆಲಸಕ್ಕೆ ಚಳಿಗಾಲವೇ ಸರಿ. ಒಂದೇ ಗಿಡವನ್ನು ನೆಚ್ಚದೆ ಮೂರ್ನಾಲ್ಕು ಗಿಡಗಳಿಂದ ಹಣ್ಣು ತೆಗೆದುಕೊಳ್ಳಿ. ಎಲೆಯಲ್ಲಿ ತಿಳಿ-ಕಡು ಹಸಿರಿನ ಮಚ್ಚೆ ಇರುವ ಗಿಡ ಬೇಡವೇ ಬೇಡ, ಮೊಸಾಯಿಕ್ ವೈರಸ್ ಬೀಜದ ಸಿಪ್ಪೆಗೆ ಅಂಟಿಕೊಂಡು ಬರುತ್ತದೆ.

ಇನ್ನು ಹುದುಗು ಬರಿಸುವುದು. ಹಣ್ಣನ್ನು ಅಡ್ಡ ಕೊಯ್ದು ಬೀಜ, ಲೋಳೆ ಎರಡನ್ನೂ ಗಾಜಿನ ಲೋಟಕ್ಕೆ ಹಿಂಡಿದ್ದಾಯಿತು. ಇಪ್ಪತ್ತು ಹಣ್ಣಿಗೆ ಎರಡು ಚಮಚ ನೀರು, ಅಷ್ಟೇ. ನೀರು ಜಾಸ್ತಿಯಾದರೆ ಹುದುಗು ನಿಧಾನವಾಗುತ್ತದೆ, ಅಷ್ಟರಲ್ಲಿ ಬೀಜ ಲೋಟದಲ್ಲೇ ಮೊಳೆಯಬಹುದು. ಬಟ್ಟೆ ಕಟ್ಟಿ ನೆರಳಲ್ಲಿಟ್ಟು ದಿನಕ್ಕೆರಡು ಸಲ ಕಲಕಬೇಕು. ಈಗಿನ ಹವೆಗೆ ಎರಡು ಮೂರು ದಿನ. ರಾಯಚೂರಿನ ಬೇಸಿಗೆಯಲ್ಲಾದರೆ ಒಂದೂವರೆ ದಿನ ಕಳೆದ ಮೇಲೆ ನೋಡುತ್ತಲೇ ಇರಬೇಕು. ಗುಳ್ಳೆ ಎದ್ದು, ಮೇಲೆ ಬಿಳಿ ಕೆನೆ ಕಟ್ಟಿದಾಗ ಒಂದು ಬೀಜ ತೆಗೆದು ಬೆರಳ ನಡುವೆ ಉಜ್ಜಿ. ಜಾರಿದರೆ ಲೋಳೆ ಇನ್ನೂ ಇದೆ. ಸಣ್ಣ ರೋಮದ ಒರಟು ಬೆರಳಿಗೆ ಸಿಕ್ಕಿದರೆ ಆಯಿತು. ಮೊಳಕೆಯನ್ನು ತಡೆಹಿಡಿಯುವುದು ಈ ಲೋಳೆಯೇ, ಅದಕ್ಕೇ ಇಷ್ಟು ಕಾಯುವುದು. ಆಮೇಲೆ ಲೋಟ ತುಂಬ ನೀರು ಹಾಕಿ ಕಲಕಿದರೆ ಗಟ್ಟಿ ಬೀಜ ತಳಕ್ಕಿಳಿಯುತ್ತದೆ, ಜೊಳ್ಳು ತೇಲುತ್ತದೆ. ತೇಲಿದ್ದನ್ನು ಬಗ್ಗಿಸಿ, ಉಳಿದದ್ದನ್ನು ಟೀ ಸೋಸುವ ಜರಡಿಯಲ್ಲಿ ತೊಳೆಯಬೇಕು.

ಒಣಗಿಸಲು ಸ್ಟೀಲ್ ತಟ್ಟೆ ಒಳ್ಳೆಯದು. ಪೇಪರ್ ಮೇಲೆ ಹರಡಿದರೆ ಬೀಜ ಅಂಟಿ ಕೂರುತ್ತದೆ. ನೆರಳು, ಫ್ಯಾನಿನ ಗಾಳಿ, ಮೊದಲ ದಿನ ಆಗಾಗ ಕೈಯಲ್ಲಿ ಉದುರಿಸುವುದು. ಒಂದು ವಾರದ ಮೇಲೆ ಬೀಜ ಬಾಗಿಸಿ ನೋಡಿ: ಬಾಗದೆ ಪಟ್ಟನೆ ಮುರಿದರೆ ಪೇಪರ್ ಕವರಿಗೆ ಹಾಕಿ, ತಳಿ, ತಿಂಗಳು ಬರೆದು, ತೇವ ಹೀರುವ ಸಿಲಿಕಾ ಜೆಲ್ ಇರುವ ಬಾಟಲಿಯಲ್ಲಿಟ್ಟು ಫ್ರಿಜ್‌ಗೆ ಸೇರಿಸಿ. ಹೊರಗೆ ತೆಗೆದಾಗ ತಣ್ಣಗಿರುವ ಬಾಟಲಿಯ ಮುಚ್ಚಳ ತೆರೆಯಬೇಡಿ, ಬೀಜದ ಮೇಲೆ ತೇವ ಕೂರುತ್ತದೆ.

ಬಿತ್ತನೆ ಸೆಪ್ಟೆಂಬರ್‌ಗೆ. ಅರ್ಧ ಸೆಂಟಿಮೀಟರ್ ಆಳ ಸಾಕು. ಸಸಿಮಡಿಗೆ 50 ಮೆಷ್ (ಇಂಚಿಗೆ 50 ಕಣ್ಣು) ನೈಲಾನ್ ಪರದೆ ಕಡ್ಡಾಯ, ಬಿಳಿನೊಣ ಎಳೆಯ ಸಸಿಗೇ ಎಲೆ ಮುಟುರು ಅಂಟಿಸಿದರೆ ಮತ್ತೆ ಫಸಲಿನ ಆಸೆ ಬಿಡಬೇಕು. ಬಿತ್ತುವ ಎರಡು ವಾರ ಮುಂಚೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಎಂಟನೇ ದಿನಕ್ಕೆ ಎಂಟು ಮೊಳೆತಿದ್ದರೆ ಕುಳಿಗೊಂದು ಬೀಜ, ಐದಾರು ಮಾತ್ರ ಮೊಳೆತಿದ್ದರೆ ಕುಳಿಗೆರಡು.