ಅತ್ತಿಗೆ ಓದಿದ ಹಾನಾ ಹೋಖ್

ಹೋದ ವರ್ಷ ಧಾರವಾಡದಿಂದ ಅತ್ತಿಗೆ ಬರ್ಲಿನ್ನಿಗೆ ಬಂದಿದ್ದರು. ಕಸೂತಿ ಅವರ ಕಸುಬು. ಮ್ಯೂಸಿಯಂ ಅಂದರೆ ಅಷ್ಟಕ್ಕಷ್ಟೇ. ಆದರೂ ನೋಯೆ ನ್ಯಾಷನಲ್ ಗ್ಯಾಲರಿಗೆ ಕರೆದುಕೊಂಡು ಹೋದೆ. ಜರ್ಮನ್ ಕಲಾವಿದೆ ಹಾನಾ ಹೋಖ್ ಅವರ ದೊಡ್ಡ ಫೋಟೊ ಕೊಲಾಜನ್ನು, ಅಂದರೆ ಫೋಟೊ ಚೂರುಗಳನ್ನು ಅಂಟಿಸಿ ಮಾಡಿದ ಚಿತ್ರವನ್ನು, ಅತ್ತಿಗೆಗೆ ತೋರಿಸಲೇಬೇಕು ಅನ್ನೋ ಆಸೆ ನನ್ನದು.

1919-20ರಲ್ಲಿ ಮಾಡಿದ ಕೃತಿ ಅದು. ಮೊದಲ ಮಹಾಯುದ್ಧ ಸೋತ ಜರ್ಮನಿಯನ್ನು ಅಡುಗೆಮನೆ ಚಾಕುವಿನಿಂದ ಕೊಯ್ದು ತೋರಿಸುತ್ತೇನೆ ಎಂದು ಅದರ ಉದ್ದನೆಯ ಹೆಸರೇ ಹೇಳುತ್ತದೆ. ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರ. ಅದರೊಳಗೆ ಪತ್ರಿಕೆಗಳಿಂದ ಕತ್ತರಿಸಿದ ತಲೆಗಳು, ಚಕ್ರಗಳು, ಬೇರಿಂಗುಗಳು, ಗುಂಪುಗಳು, ಅಕ್ಷರಗಳು. ನಾನು ಮೊದಲ ಸಲ ನೋಡಿದಾಗ ಎಲ್ಲಿಂದ ಶುರು ಮಾಡಬೇಕೋ ತಿಳಿದಿರಲಿಲ್ಲ.

ಅತ್ತಿಗೆ ಚಿತ್ರದ ಅರ್ಥ ಕೇಳಲೇ ಇಲ್ಲ. ಕಾಗದದ ಅಂಚುಗಳನ್ನೇ ನೋಡುತ್ತಾ ನಿಂತರು. ಆಮೇಲೆ, "ಇದನ್ನ ಕತ್ತರಿಸಿದಾಕಿ ಹೊಲಿಗಿ ಬಲ್ಲಾಕಿ ಇರಬೇಕು ನೋಡವಾ. ಕೈ ಎಲ್ಲೂ ತಡವರಿಸಿಲ್ಲ" ಅಂದರು.

ನನಗೆ ಮೈ ಜುಮ್ಮೆಂದಿತು. ಯಾಕಂದರೆ ಅದು ನಿಜ. 1889ರಲ್ಲಿ ಗೋಟಾ ಊರಲ್ಲಿ ಹುಟ್ಟಿದ ಹೋಖ್, 1916ರಿಂದ ಹತ್ತು ವರ್ಷ ಉಲ್‌ಸ್ಟೈನ್ ಪ್ರಕಾಶನದ ಕರಕುಶಲ ವಿಭಾಗದಲ್ಲಿ ಕೆಲಸ ಮಾಡಿದರು. ಹೆಂಗಸರ ಪತ್ರಿಕೆಗಳಿಗೆ ಕಸೂತಿ, ಲೇಸ್ ನಮೂನೆಗಳನ್ನು ಬರೆದುಕೊಡುವ ಕೆಲಸ. ಹೊಟ್ಟೆಪಾಡು ಅಲ್ಲಿ ನಡೆಯುತ್ತಿತ್ತು. ಅದೇ ಸಂಸ್ಥೆಯ ಪತ್ರಿಕೆಗಳ ಫೋಟೊಗಳು ಮನೆಗೆ ಬಂದು ಕತ್ತರಿಗೆ ಸಿಗುತ್ತಿದ್ದವು. ಕಲಾ ಇತಿಹಾಸದ ಬರಹಗಳಲ್ಲಿ ಈ ನೌಕರಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ನನ್ನ ಮಟ್ಟಿಗೆ ಆ ಕೊಲಾಜಿನ ಬೇರೇ ಅಲ್ಲಿದೆ.

ಆಮೇಲೆ ಇಬ್ಬರೂ ಸೇರಿ ಓದಿದೆವು. ಮೇಲೆ ಬಲಗಡೆ ಜರ್ಮನಿಯ ಚಕ್ರವರ್ತಿಯಾಗಿದ್ದ ಕೈಸರ್ ವಿಲ್‌ಹೆಲ್ಮ್. ಅವನ ಮೀಸೆಯ ಜಾಗದಲ್ಲಿ ಇಬ್ಬರು ಕುಸ್ತಿಪಟುಗಳು! ಸೇನಾಪತಿ ಹಿಂಡೆನ್‌ಬುರ್ಗ್‌ನ ತಲೆಗೆ ಕುಣಿಯುವವಳ ಮೈ. ಅತ್ತಿಗೆ ಜೋರಾಗಿ ನಕ್ಕರು. ನಡುವೆ ನರ್ತಕಿ ನಿಡ್ಡಿ ಇಂಪೆಕೋಫೆನ್ ದೇಹ, ತಲೆ ಇಲ್ಲ. ಅದರ ಮೇಲೆ ತೇಲುತ್ತಿರುವುದು ಕಲಾವಿದೆ ಕೇಟೆ ಕೋಲ್ವಿಟ್ಸ್ ಮುಖ. 1919ರಲ್ಲಿ ಪ್ರಷ್ಯದ ಕಲಾ ಅಕಾಡೆಮಿಗೆ ಆಯ್ಕೆಯಾದ ಮೊದಲ ಹೆಂಗಸು ಅವರು. ಗಂಡಸರ ಮೈಯನ್ನು ಬದಲಿಸಿ ಸಣ್ಣದು ಮಾಡಿದ ಕತ್ತರಿ, ಈ ಹೆಂಗಸಿನ ಮುಖವನ್ನು ಮಾತ್ರ ನಡುಮಧ್ಯಕ್ಕೆ ತಂದಿದೆ. ಇದು ಸುಮ್ನೆ ಆದದ್ದಲ್ಲ.

ಕೆಳಗೆ ಬಲಮೂಲೆಯಲ್ಲಿ ಯುರೋಪಿನ ಒಂದು ಪುಟ್ಟ ನಕ್ಷೆ. ಹೆಂಗಸರಿಗೆ ಮತ ಹಾಕುವ ಹಕ್ಕು ಸಿಕ್ಕ ದೇಶಗಳನ್ನು ಅದು ತೋರಿಸುತ್ತದೆ. ಜರ್ಮನಿಯ ಹೆಂಗಸರು ಮೊದಲ ಸಲ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕಿದ್ದು 1919ರ ಜನವರಿಯಲ್ಲಿ. ಆ ನಕ್ಷೆಯ ಅಂಚಿಗೆ ಹೋಖ್ ತನ್ನದೇ ಸಣ್ಣ ಮುಖವನ್ನು ಅಂಟಿಸಿದ್ದಾರೆ. "ಇಲ್ಲಿ ಅದಾಳ ನೋಡು" ಎಂದು ಅದನ್ನು ಮೊದಲು ಹುಡುಕಿದ್ದು ಅತ್ತಿಗೆ.

ಯುದ್ಧವನ್ನೂ ಹಳೆಯ ಕಲೆಯ ಕಟ್ಟುಪಾಡನ್ನೂ ಗೇಲಿ ಮಾಡುತ್ತಿದ್ದ ಕಲಾವಿದರ ಗುಂಪು ಡಾಡಾ. ಹೋಖ್ ಅದರಲ್ಲಿದ್ದವರು. ಆದರೂ ಆ ಗುಂಪಿನ 1920ರ ಬರ್ಲಿನ್ ಮೇಳಕ್ಕೆ ಹೋಖ್ ಬೇಡ ಎಂದವರು ಜೊತೆಗಾರರೇ ಆದ ಜಾರ್ಜ್ ಗ್ರೋಸ್ ಮತ್ತು ಜಾನ್ ಹಾರ್ಟ್‌ಫೀಲ್ಡ್. ಆಕೆಯ ಸಂಗಾತಿ ರೌಲ್ ಹೌಸ್‌ಮನ್ ತನ್ನ ಚಿತ್ರಗಳನ್ನೂ ವಾಪಸ್ ತೆಗೆಯುತ್ತೇನೆ ಎಂದು ಹೆದರಿಸಿದ ಮೇಲೆ ಜಾಗ ಸಿಕ್ಕಿತು. ಗೆಳೆಯರಲ್ಲೊಬ್ಬರಾದ ಹಾನ್ಸ್ ರಿಕ್ಟರ್ ಎಷ್ಟೋ ವರ್ಷಗಳ ನಂತರ ಆಕೆಯನ್ನು ನೆನೆದಾಗಲೂ ಆಕೆ ಹೇಗೋ ಹೊಂದಿಸಿ ಕೊಡುತ್ತಿದ್ದ ಸ್ಯಾಂಡ್‌ವಿಚ್, ಬಿಯರ್, ಕಾಫಿಯ ಮಾತು ಬಂತು. ಇದನ್ನು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಗುಂಪಿನ ಕೆಲಸ ಉಳಿದದ್ದರಲ್ಲಿ ಈಕೆಯ ಪಾಲು ದೊಡ್ಡದು. ನಾಜಿಗಳ ಕಾಲದಲ್ಲಿ ಬರ್ಲಿನ್ನಿನ ಅಂಚಿನ ಹೈಲಿಗನ್‌ಜೇ ಊರಿನ ಪುಟ್ಟ ಮನೆಯಲ್ಲಿ ಸದ್ದಿಲ್ಲದೆ ಬದುಕಿ, ಸಿಕ್ಕಿಬಿದ್ದರೆ ಅಪಾಯ ಎಂದು ಗೊತ್ತಿದ್ದೂ ಅವನ್ನೆಲ್ಲ ಬಚ್ಚಿಟ್ಟು ಕಾಪಾಡಿದರು. 1978ರಲ್ಲಿ ತೀರಿಕೊಂಡರು.

ಅದಕ್ಕೆ ಕೆಲವು ವರ್ಷ ಮೊದಲು, 1972-73ರಲ್ಲಿ, ತನ್ನ ಬದುಕನ್ನೇ ಒಂದು ದೊಡ್ಡ ಕೊಲಾಜ್ ಮಾಡಿದರು. ಸಂಜೆ ಮನೆಯಲ್ಲಿ ಪುಸ್ತಕ ತೆರೆದು ಅತ್ತಿಗೆಗೆ ಅದನ್ನೂ ತೋರಿಸಿದೆ. ಬೇರೆ ಬೇರೆ ವಯಸ್ಸಿನ ಆಕೆಯ ಮುಖಗಳು, ತೋಟದ ಗಿಡಗಳು, ಹಳೆಯ ಕೃತಿಗಳ ಚೂರುಗಳು. ಅತ್ತಿಗೆ ನೋಡಿದರು, ಆದರೆ ಅವರ ಮನಸ್ಸು ಬೇರೆ ಪುಟದಲ್ಲಿತ್ತು. ಲೇಸ್ ಅಂಗಿಯೊಂದಕ್ಕೆ ಸ್ಮಾರಕ ಎಂಬ 1922ರ ಕೃತಿ ಅದು. ಕಸೂತಿ ನಮೂನೆಯ ಕಾಗದಗಳನ್ನೇ ಕತ್ತರಿಸಿ ಹೋಖ್ ಅದನ್ನು ಮಾಡಿದ್ದಾರೆ. ಹ್ಯಾಂಬರ್ಗಿನ ಕುನ್ಸ್ಟ್‌ಹಾಲೆ ಮ್ಯೂಸಿಯಂ ಸಂಗ್ರಹದಲ್ಲಿದೆ ಅಂದೆ.

"ಹ್ಯಾಂಬರ್ಗ್ ಎಷ್ಟು ದೂರ ಐತಿ?" ಎಂದು ಕೇಳಿದರು.